ಗಾಜಿನ ಡಬ್ಬ, ಕಲಬುರಗಿ ಬಿಸಿಲು

ಹೋದ ವರ್ಷ ಏಪ್ರಿಲ್‌ನ ಒಂದು ರಾತ್ರಿ. ಹನ್ನೊಂದು ದಾಟಿತ್ತು. ಬೆಂಗಳೂರಿನ ನನ್ನ ರೂಮಿನಲ್ಲಿ ಇನ್ನೇನು ಮಲಗಬೇಕು, ಅಷ್ಟರಲ್ಲಿ ತಂಗಿಯ ಫೋನ್ ಬಂತು.

"ಅಣ್ಣಾ, ಮತ್ತ ಬಂದ್ ಆತು ನೋಡು. ಇವತ್ತಿಗಿ ಮೂರನೇ ಸಲ."

ದನಿಯಲ್ಲಿ ಸಿಟ್ಟಿದ್ದರೆ ಸುಧಾರಿಸಿಕೊಳ್ಳಬಹುದಿತ್ತು. ಅವಳು ಅಳು ತಡೆದುಕೊಂಡು ಮಾತಾಡ್ತಿದ್ದಳು.

ಅವಳು ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು. ಐದು ವರ್ಷದ ಕೋರ್ಸು, ಕೊನೆಯ ಸೆಮಿಸ್ಟರ್, ಥೀಸಿಸ್ ಸಲ್ಲಿಸೋಕೆ ಆರೇ ದಿನ ಬಾಕಿ. ಕಂಪ್ಯೂಟರಿನಲ್ಲಿ ಬರೆದ ಕಟ್ಟಡದ ಮಾದರಿಗೆ ಬಿಸಿಲು, ನೆರಳು, ಕಲ್ಲು, ಮರ ಎಲ್ಲ ತುಂಬಿ ಫೋಟೊದಂಥ ಚಿತ್ರ ತೆಗೆಯುವುದಕ್ಕೆ ರೆಂಡರ್ ಅಂತಾರೆ. ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ ಮಷಿನ್ ಮೈಮುರಿದು ದುಡಿಯಬೇಕು. ಅವಳ ಮಷಿನ್ ಮುಕ್ಕಾಲು ಗಂಟೆ ಓಡಿ, ಒಂದು ಮಾತೂ ಹೇಳದೆ ಟಪ್ ಅಂತ ಆರಿ ಹೋಗ್ತಿತ್ತು.

ಆ ಮಷಿನ್ ಜೋಡಿಸಿ ಕೊಟ್ಟವನು ನಾನೇ. ಅಮ್ಮ ಚೀಟಿ ಎತ್ತಿದ ದುಡ್ಡಿನಲ್ಲಿ.

ಕಥೆ ಶುರುವಾಗಿದ್ದು ಅದಕ್ಕೂ ಆರು ತಿಂಗಳು ಮೊದಲು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಟೌನ್ ಹಾಲ್ ಹತ್ತಿರದ ಆ ಸಾದರ ಪತ್ರಪ್ಪ ರಸ್ತೆ ನಿಮಗೆ ಗೊತ್ತಿರಬಹುದು. ಕಾಲಿಡೋಕೂ ಜಾಗ ಇಲ್ಲದ ಗಲ್ಲಿ, ಎರಡೂ ಕಡೆ ಕಂಪ್ಯೂಟರ್ ಸಾಮಾನಿನ ಅಂಗಡಿ. ಅಮ್ಮ ಕೊಟ್ಟಿದ್ದು 75 ಸಾವಿರ. ಮಾನಿಟರ್ ಸೇರಿ ಅಷ್ಟರಲ್ಲೇ ಮುಗಿಯಬೇಕು. ನಾನು ಸಾಫ್ಟ್‌ವೇರ್ ಕೆಲಸದವನು, ಆದರೂ ಹಾರ್ಡ್‌ವೇರ್ ಬಗ್ಗೆ ತಿಂಗಳುಗಟ್ಟಲೆ ವಿಡಿಯೊ ನೋಡಿ ತಲೆ ತುಂಬಿಸಿಕೊಂಡಿದ್ದೆ. ಪ್ರೊಸೆಸರ್ ರೈಜನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಇವೆರಡನ್ನು ಆರಿಸೋಕೆ ಮೂರು ವಾರ ಯೋಚಿಸಿದ್ದೆ. ಅಷ್ಟನ್ನೂ ಒಳಗಿಟ್ಟುಕೊಳ್ಳುವ ಡಬ್ಬಕ್ಕೆ, ಅಂದರೆ ಅಂಗಡಿಯವರು ಕ್ಯಾಬಿನೆಟ್ ಅಂತ ಕರೆಯೋ ಆ ತಗಡಿನ ಗೂಡಿಗೆ, ನಾನು ಕೊಟ್ಟ ಸಮಯ ಹತ್ತು ನಿಮಿಷ.

ಅಂಗಡಿಯಲ್ಲಿ ಎರಡನ್ನು ತೋರಿಸಿದರು. ಒಂದರ ಮುಂಭಾಗ ಪೂರ್ತಿ ಕಬ್ಬಿಣದ ಜಾಲರಿ. ನೋಡೋಕೆ ನಮ್ಮೂರ ಕಿರಾಣಿ ಅಂಗಡಿಯ ಕೋಳಿಮೊಟ್ಟೆ ಪೆಟ್ಟಿಗೆ ಥರ ಇತ್ತು. ಇನ್ನೊಂದರ ಮುಂದೂ ಪಕ್ಕದಲ್ಲೂ ಕಪ್ಪು ಗಾಜು, ಗಾಜಿನ ಹಿಂದೆ ಬಣ್ಣ ಬದಲಿಸುವ ಮೂರು ಫ್ಯಾನು. ಬೆಲೆ 3,300 ರೂಪಾಯಿ. ಸ್ವಿಚ್ ಹಾಕಿ ತೋರಿಸಿದಾಗ ಗಣಪತಿ ಮಂಟಪದ ಹಾಗೆ ಝಗಮಗ ಅಂತು. ನಾನು ಜಾಲರಿ ಡಬ್ಬದ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ರೂಮಿಗೆ ತಂದು ಜೋಡಿಸಿದೆ. ಫೋಟೊ ತೆಗೆದು ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. "ಸೂಪರ್ ಗುರು" ಅಂತ ಏಳೆಂಟು ಮೆಸೇಜು ಬಂದವು. ಒಂದು ಗಂಟೆ ಫುಲ್ ಲೋಡ್ ಹಾಕಿ ಪರೀಕ್ಷೆಯನ್ನೂ ಮಾಡಿದೆ. ಪ್ರೊಸೆಸರ್ 75 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 72. ಎರಡೂ ಮಿತಿಯೊಳಗೇ ಇದ್ದವು. ಪ್ಯಾಕ್ ಮಾಡಿ ಊರಿಗೆ ಒಯ್ದು ಕೊಟ್ಟೆ.

ಪರೀಕ್ಷೆ ಮಾಡಿದ್ದು ನವೆಂಬರ್‌ನಲ್ಲಿ, 25 ಡಿಗ್ರಿ ಇದ್ದ ಬೆಂಗಳೂರಿನ ರೂಮಿನಲ್ಲಿ ಅನ್ನೋದು ಮಾತ್ರ ನನಗೆ ಹೊಳೆಯಲಿಲ್ಲ.

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ಎಸಿಯ ಹಾಗೆ ಅದು ಗಾಳಿಯನ್ನು ತಂಪು ಮಾಡಲ್ಲ, ಬಿಸಿ ಗಾಳಿಯನ್ನು ಆಚೆ ಕಳಿಸಿ ಕೋಣೆಯ ಗಾಳಿಯನ್ನು ಒಳಗೆ ತರುತ್ತದೆ ಅಷ್ಟೆ. ಹಾಗಾಗಿ ಮಷಿನ್‌ನ ಬಿಸಿಯನ್ನು ಯಾವಾಗಲೂ "ಕೋಣೆಗಿಂತ ಎಷ್ಟು ಹೆಚ್ಚು" ಅಂತ ನೋಡಬೇಕು. ನನ್ನ ರೂಮಿನಲ್ಲಿ ಪ್ರೊಸೆಸರ್ ಕೋಣೆಗಿಂತ 50 ಡಿಗ್ರಿ ಹೆಚ್ಚಿತ್ತು. ಅದೇ ಮಷಿನ್ನು, ಅದೇ ಕೆಲಸ, ಕೋಣೆ 38 ಡಿಗ್ರಿ ಆದರೆ? ಹೆಚ್ಚುಕಮ್ಮಿ 88. ಈ ಪ್ರೊಸೆಸರಿಗೆ ತಯಾರಕರು ಹೇಳಿರೋ ಗರಿಷ್ಠ ಮಿತಿಯೇ 90. ಮಿತಿ ಮುಟ್ಟುತ್ತಿದ್ದಂತೆ ಅದು ತನ್ನನ್ನು ಕಾಪಾಡಿಕೊಳ್ಳೋಕೆ ವೇಗ ಇಳಿಸುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 42 ಡಿಗ್ರಿ ಅನ್ನೋದು ದೊಡ್ಡ ಸುದ್ದಿಯೇನಲ್ಲ. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿಲ್ಲದ ವಿಷಯವೂ ಅಲ್ಲ. ಬೆಂಗಳೂರಿನ ಐದು ವರ್ಷದಲ್ಲಿ ಮರೆತೇಬಿಟ್ಟಿದ್ದೆ.

ಮರುದಿನ ರಜೆ ಹಾಕಿ ರಾತ್ರಿ ರೈಲು ಹತ್ತಿದೆ. ಬೆಳಗ್ಗೆ ಮನೆಗೆ ಹೋದಾಗ ತಂಗಿ ನಿದ್ದೆಗೆಟ್ಟು ಕೂತಿದ್ದಳು. ಮಷಿನ್ ಎದುರಿಗೇ ಕೂಲರ್ ಇಟ್ಟು ಅದರ ಗಾಳಿಯನ್ನು ನೇರ ಡಬ್ಬಕ್ಕೆ ಬಿಟ್ಟಿದ್ದಳು. ಗಾಜಿನ ಮೇಲೆ ಸಣ್ಣ ಸಣ್ಣ ಹನಿ. ನನಗೆ ಎದೆ ಝಲ್ ಅಂತು. ನೀರಿನ ಕೂಲರ್ ತಂಪು ಮಾಡೋದೇ ಗಾಳಿಯಲ್ಲಿ ತೇವ ಸೇರಿಸಿ. ಜೊತೆಗೆ ಹನಿಯೂ ಹಾರಿ ಬರುತ್ತದೆ. ಕರೆಂಟ್ ಹರಿಯೋ ಸರ್ಕ್ಯೂಟ್ ಬೋರ್ಡಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಬೇಕೆ? ಮೊದಲು ಅದನ್ನು ಸರಿಸಿದೆ.

ಆಮೇಲೆ ಕಣ್ಣಿಗೆ ಬಿದ್ದದ್ದು ಕೌದಿ. ಡಬ್ಬದ ಕೆಳಗೆ ಅಮ್ಮ ನಾಲ್ಕು ಮಡಿಕೆ ಮಾಡಿದ ಹಳೇ ಕೌದಿ ಹಾಸಿದ್ದಳು. ಶಹಾಬಾದ್ ಕಲ್ಲಿನ ನೆಲ, ಗೀರು ಬೀಳಬಾರದು, ದುಬಾರಿ ಸಾಮಾನು ಮೆತ್ತಗೆ ಕೂರಲಿ ಅಂತ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಈಗಿನ ಬಹುಪಾಲು ಕ್ಯಾಬಿನೆಟ್‌ಗಳಲ್ಲಿ ಪವರ್ ಸಪ್ಲೈ ಇರೋದು ತಳದಲ್ಲಿ. ಅದರ ಫ್ಯಾನು ಕೆಳಮುಖವಾಗಿ ಕೂತು, ಡಬ್ಬದ ತಳದ ತೂತುಗಳಿಂದ ಗಾಳಿ ಎಳೆದುಕೊಂಡು ಹಿಂದಕ್ಕೆ ಬಿಡುತ್ತದೆ. ನಾವು ಶಾಲೆಯ ಲ್ಯಾಬಿನಲ್ಲಿ "ಸಿಪಿಯು" ಅಂತಿದ್ದ ಹಳೇ ಬಿಳಿ ಡಬ್ಬಗಳಲ್ಲಿ ಅದು ಮೇಲಿರುತ್ತಿತ್ತು, ಕೆಳಗೆ ಏನು ಹಾಸಿದರೂ ನಡೀತಿತ್ತು. ನಾನು ತಂದ ಡಬ್ಬದ ಕಾಲುಗಳ ಎತ್ತರ ಅಳೆದರೆ ಒಂದು ಸೆಂಟಿಮೀಟರ್. ಕೌದಿಯಲ್ಲಿ ಅವು ಪೂರ್ತಿ ಹೂತುಹೋಗಿದ್ದವು. ಉಸಿರುಕಟ್ಟಿದ ಪವರ್ ಸಪ್ಲೈ ಬಿಸಿ ಮಿತಿ ಮೀರಿದಾಗ ತನ್ನ ರಕ್ಷಣೆಗೆ ಕರೆಂಟನ್ನೇ ಕಡಿದುಬಿಡುತ್ತದೆ. ಮಾತೂ ಹೇಳದೆ ಟಪ್ ಅಂತ ಆರಿ ಹೋಗ್ತಿದ್ದುದು ಅದಕ್ಕೇ.

"ಹಂಗಂತ ನೀ ಹೇಳಿದ್ದೇ ಇಲ್ಲಲ್ಲೋ," ಅಂದಳು ಅಮ್ಮ. ನಿಜ. ಫೋಟೊ ತೆಗೆಯೋಕೆ ಬಣ್ಣದ ಬೆಳಕು ಹೇಗೆ ಹಾಕೋದು ಅಂತ ತೋರಿಸಿದ್ದೆ, ಗಾಳಿ ಎಲ್ಲಿಂದ ಬರುತ್ತದೆ ಅಂತ ತೋರಿಸಿರಲಿಲ್ಲ.

ಕೌದಿ ತೆಗೆದು ಎರಡು ಮರದ ತುಂಡಿನ ಮೇಲೆ ಡಬ್ಬ ಇಟ್ಟೆ. ರೆಂಡರ್ ಹಾಕಿದೆವು. ಒಂದು ಗಂಟೆ ಆದರೂ ಆರಲಿಲ್ಲ. ತಂಗಿಯ ಮುಖ ಸ್ವಲ್ಪ ಅರಳಿತು. ಆದರೆ ಕೆಲಸ ಮಾತ್ರ ಆಮೆ ವೇಗ. ಪ್ರೊಸೆಸರ್ 88, ಗ್ರಾಫಿಕ್ಸ್ ಕಾರ್ಡ್ 85. ಎರಡೂ ವೇಗ ಇಳಿಸಿಕೊಂಡು ತೆವಳುತ್ತಿದ್ದವು. ಐದು ದಿನದಲ್ಲಿ ಹನ್ನೆರಡು ಚಿತ್ರ ಮುಗಿಯಬೇಕು. ಈ ಲೆಕ್ಕದಲ್ಲಿ ಆಗೋ ಮಾತಲ್ಲ.

ಮುಂದೆ ಮೂರು ಫ್ಯಾನು ತಿರುಗುತ್ತಿದೆಯಲ್ಲ, ಗಾಳಿ ಎಲ್ಲಿ ಹೋಗ್ತಿದೆ? ದೇವರ ಕೋಣೆಯಿಂದ ಊದಿನಕಡ್ಡಿ ತಂದು ಹಚ್ಚಿದೆ. ಹೊಗೆ ಎತ್ತ ಹೋಗುತ್ತದೆ ಅಂತ ನೋಡಿದರೆ ಗಾಳಿಯ ದಾರಿ ತಿಳಿಯುತ್ತದೆ. ಮುಂದಿನ ಗಾಜಿನ ಹತ್ತಿರ ಹಿಡಿದರೆ ಹೊಗೆ ತನ್ನಪಾಡಿಗೆ ತಾನು ಮೇಲಕ್ಕೆ ಏರಿತು, ಒಳಗೆ ಹೋಗುವ ಲಕ್ಷಣವೇ ಇಲ್ಲ. ಗಾಜಿನ ಪಕ್ಕದ ಸೀಳಿನ ಬಳಿ ಹಿಡಿದಾಗ ಮಾತ್ರ ಸ್ವಲ್ಪ ವಾಲಿತು.

ಸ್ಕೇಲ್ ತೆಗೆದುಕೊಂಡು ಅಳೆದೆ. ಗಾಜಿಗೂ ಚೌಕಟ್ಟಿಗೂ ನಡುವೆ ಎರಡು ಪಕ್ಕದಲ್ಲಿ 8 ಮಿ.ಮೀ. ಅಗಲ, 35 ಸೆಂ.ಮೀ. ಉದ್ದದ ಸೀಳು. ಎರಡೂ ಸೇರಿ 56 ಚದರ ಸೆಂಟಿಮೀಟರ್. ಹಿಂದಿರುವ ಫ್ಯಾನುಗಳೋ ಒಂದೊಂದೂ 120 ಮಿ.ಮೀ.ನವು. ಅವುಗಳ ವೃತ್ತದ ಲೆಕ್ಕ ಹಾಕಿದರೆ ಮೂರೂ ಸೇರಿ ಸುಮಾರು 340 ಚದರ ಸೆಂಟಿಮೀಟರ್. ಅಂದರೆ ಫ್ಯಾನಿಗೆ ಬೇಕಾದ ಬಾಯಿಯ ಆರನೇ ಒಂದು ಭಾಗ ಮಾತ್ರ ತೆರೆದಿತ್ತು. ಹೊರಗಿನ ಗಾಳಿ ಸಾಲದೆ ಫ್ಯಾನುಗಳು ಡಬ್ಬದೊಳಗಿನ ಬಿಸಿ ಗಾಳಿಯನ್ನೇ ಸಂದುಗೊಂದಿಯಿಂದ ಎಳೆದು ಮತ್ತೆ ಒಳಕ್ಕೇ ತಳ್ಳುತ್ತಿದ್ದವು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಸೇರಿ ಪೂರ್ತಿ ದುಡಿದಾಗ ಹತ್ತಿರ ಹತ್ತಿರ 250 ವ್ಯಾಟ್ ಬಿಸಿ ಉಗುಳುತ್ತವೆ. ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬುಗಳು ಎರಡೂವರೆಯನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ ಹಾಗೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಅಂದಳು: "ಕೂಲರ್ ಹಚ್ಚಿದಾಗ ಎದುರಿನ ಬಾಗಿಲಾ ತೆಗೀರಿ ಅಂತ ನಾ ದಿನಾ ಒದರ್ತೀನಿ. ಮುಂದ ಗಾಜು ಬಡಿದು ಹಿಂದ ಫ್ಯಾನ್ ಹಚ್ಚಿದ್ರ ಗಾಳಿ ಎಲ್ಲಿಂದ ಬರಬೇಕೋ?"

ನಮ್ಮ ಕಡೆಯವರಿಗೆ ಇದು ಹೇಳಿಕೊಡಬೇಕಾದ ಪಾಠವೇ ಅಲ್ಲ. ಕೂಲರ್ ಕಿಟಕಿಗೆ ಇಡಬೇಕು, ಎದುರು ಬಾಗಿಲು ತೆರೆದಿರಬೇಕು, ಬಂದ ಗಾಳಿಗೆ ಹೋಗೋಕೆ ದಾರಿ ಇರಬೇಕು. ಇಲ್ಲವಾದರೆ ಕೋಣೆಯೆಲ್ಲ ಜಿಗುಟು, ತಂಪು ಸೊನ್ನೆ. ಇದನ್ನು ಬೇಸಿಗೆ ಬೇಸಿಗೆಯೂ ನೋಡಿ ಬೆಳೆದ ನಾನು 3,300 ಕೊಟ್ಟು ಬಾಯಿ ಮುಚ್ಚಿದ ಡಬ್ಬ ತಂದಿದ್ದೆ.

ತಂಗಿ ಅಲ್ಲಿಗೇ ಬಿಡಲಿಲ್ಲ. "ಕ್ರಾಸ್ ವೆಂಟಿಲೇಶನ್ ನಮಗ ಫಸ್ಟ್ ಇಯರ್‌ನಾಗೇ ಹೇಳಿಕೊಟ್ಟಾರ. ತಗೊಳ್ಳೋ ಮುಂದ ನನಗ ಒಂದ್ ಮಾತ್ ಕೇಳಬೇಕಿತ್ತು."

ಅದು ಚುಚ್ಚಿತು. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಬ್ಬ ಎಂಥದು, ಒಂದನ್ನೂ ನಾನು ಅವಳಿಗೆ ಕೇಳಿರಲಿಲ್ಲ. ನಿನ್ನ ಕೋಣೆಯಲ್ಲಿ ಅದನ್ನು ಎಲ್ಲಿಡ್ತೀಯ, ಕಿಟಕಿ ಯಾವ ಕಡೆ, ಹಗಲು ಕೆಲಸ ಮಾಡ್ತೀಯೋ ರಾತ್ರಿಯೋ ಅಂತಲೂ ಇಲ್ಲ. ಅಣ್ಣ ಕೊಡಿಸಿದ ಅಂತ ಅನ್ನಿಸಿಕೊಳ್ಳುವ ಆತುರದಲ್ಲಿ, ಅವಳ ಕೆಲಸಕ್ಕೆ ಬೇಕಾದ್ದಕ್ಕಿಂತ ನನ್ನ ಫೋಟೊಗೆ ಒಪ್ಪುವುದನ್ನು ಕೊಂಡಿದ್ದೆ.

ಸ್ಕ್ರೂ ಡ್ರೈವರ್ ಹಿಡಿದು ಮುಂದಿನ ಗಾಜಿನ ಫಲಕ ಕಿತ್ತೆ. ಅದೇ ರೆಂಡರ್, ಅದೇ 38 ಡಿಗ್ರಿ ಕೋಣೆ. ಅರ್ಧ ಗಂಟೆಗೆ ಪ್ರೊಸೆಸರ್ 80ಕ್ಕೆ ಇಳಿಯಿತು, ಗ್ರಾಫಿಕ್ಸ್ ಕಾರ್ಡ್ 76ಕ್ಕೆ. ಊದಿನಕಡ್ಡಿ ಹಿಡಿದರೆ ಹೊಗೆ ಗೆರೆ ಎಳೆದ ಹಾಗೆ ನೇರ ಒಳಗೆ ಹೋಗಿ ಹಿಂದಿನಿಂದ ಹೊರಬಂತು. ಪಕ್ಕದ ಗಾಜನ್ನೂ ತೆಗೆದರೆ ಇನ್ನೂ ತಂಪಾಗಬಹುದೇನೋ ಅಂತ ಅದನ್ನೂ ಬಿಚ್ಚಿ ನೋಡಿದೆ. ಪ್ರೊಸೆಸರ್ ಎರಡು ಡಿಗ್ರಿ ಇಳಿಯಿತು, ಗ್ರಾಫಿಕ್ಸ್ ಕಾರ್ಡ್ ಒಂದು ಡಿಗ್ರಿ ಏರಿತು. ಪಕ್ಕ ತೆರೆದರೆ ಮುಂದಿನಿಂದ ಹಿಂದಕ್ಕೆ ಸಾಗುವ ಗಾಳಿ ಅರ್ಧದಲ್ಲೇ ಚೆದುರಿಹೋಗುತ್ತದೆ. ಧೂಳು ಬೇರೆ. ಅದನ್ನು ಮತ್ತೆ ಹಾಕಿದೆ.

ಮುಂದೆ ಬಯಲಾದ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಕಿಟಕಿಗೆ ಬಡಿಯೋ ಸೊಳ್ಳೆ ಜಾಲರಿ ತಂದು, ಕತ್ತರಿಸಿ, ಎರಡು ಬದಿಯ ಟೇಪಿನಿಂದ ಅಂಟಿಸಿದೆ. ಖರ್ಚು 90 ರೂಪಾಯಿ. ಕೂಲರನ್ನು ಕಿಟಕಿಗೆ ಇಟ್ಟು ಎದುರು ಬಾಗಿಲು ತೆರೆದೆವು. ನೀರಿನ ಪರದಾಟ ಇದ್ದ ದಿನಗಳು, ಹಾಗಾಗಿ ರಾತ್ರಿ ಮಾತ್ರ ಹಚ್ಚುತ್ತಿದ್ದೆವು. ಭಾರದ ರೆಂಡರ್‌ಗಳನ್ನೆಲ್ಲ ರಾತ್ರಿಗೆ ಇಟ್ಟುಕೊಂಡಳು. ಹನ್ನೆರಡೂ ಚಿತ್ರ ಕೊನೆಯ ದಿನದ ಬೆಳಗಿನ ಜಾವ ನಾಲ್ಕಕ್ಕೆ ಮುಗಿದವು. ನಾನು ಪಕ್ಕದಲ್ಲೇ ನೆಲದ ಮೇಲೆ ಮಲಗಿದ್ದೆ. ಅದೇ ಕೌದಿಯ ಮೇಲೆ.

ಪರೀಕ್ಷೆ ಮುಗಿದ ಮೇಲೆ ಜೂನ್‌ನಲ್ಲಿ ಮತ್ತೆ ಎಸ್.ಪಿ. ರಸ್ತೆಗೆ ಹೋದೆ. ಈ ಸಲ ಜೇಬಿನಲ್ಲಿ ಟೇಪು, ಕೈಯಲ್ಲಿ ಪಟ್ಟಿ. ತಂಗಿ ವಿಡಿಯೊ ಕಾಲ್‌ನಲ್ಲಿ. ಹೊಸ ಡಬ್ಬಕ್ಕೆ 3,400 ರೂಪಾಯಿ, ಗಾಜಿನದಕ್ಕಿಂತ ನೂರು ಹೆಚ್ಚು. ಒಳಗಿನ ಒಂದು ಸಾಮಾನನ್ನೂ ಬದಲಿಸಬೇಕಾಗಲಿಲ್ಲ. ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ಅನ್ನೋ ಅಳತೆಯ ನಿಯಮವನ್ನೇ ಇವತ್ತಿಗೂ ಹೆಚ್ಚಿನ ಡೆಸ್ಕ್‌ಟಾಪ್‌ಗಳು ಪಾಲಿಸುತ್ತವೆ. ಬೋರ್ಡ್ ಕೂರುವ ತೂತುಗಳು ಎಲ್ಲಿರಬೇಕು ಅನ್ನೋದೂ ಅದರಲ್ಲೇ ಗೊತ್ತುಮಾಡಿದೆ. ಹಾಗಾಗಿ ಮನೆ ಬದಲಿಸಿದ ಹಾಗೆ ಸಾಮಾನು ಹೊತ್ತು ಹೊಸ ಡಬ್ಬಕ್ಕೆ ಇಳಿಸಬಹುದು.

ಒಂದು ವರ್ಷ ಬಳಸಿದ ಮೇಲೆ ಅದರ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.

ಒಳ್ಳೆಯದು ಮೊದಲು. ಮುಂಭಾಗ ಪೂರ್ತಿ ಜಾಲರಿ. ಮುಂದೆ ಮೂರು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಬರುವ ಗಾಳಿ ಹೋಗುವುದಕ್ಕಿಂತ ಹೆಚ್ಚಿರುವುದರಿಂದ ಸಂದುಗಳಿಂದ ಧೂಳು ಒಳಗೆ ನುಗ್ಗೋದು ಕಡಿಮೆ. ಕಾಲುಗಳು ಎರಡೂವರೆ ಸೆಂಟಿಮೀಟರ್ ಎತ್ತರ. ಬೋರ್ಡಿನ ಹಿಂದೆ ವೈರು ಬಚ್ಚಿಡೋಕೆ 18 ಮಿ.ಮೀ. ಜಾಗ ಇದೆ, ಹಾಗಾಗಿ ಗಾಳಿಯ ದಾರಿಯಲ್ಲಿ ವೈರಿನ ಗೋಜಲು ಇಲ್ಲ. ಈ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ, ಅದೇ 38 ಡಿಗ್ರಿ ಕೋಣೆಯಲ್ಲಿ ಅದೇ ಹಳೇ ರೆಂಡರ್ ಹಾಕಿ ನೋಡಿದೆ. ಪ್ರೊಸೆಸರ್ 79, ಗ್ರಾಫಿಕ್ಸ್ ಕಾರ್ಡ್ 75.

ಇನ್ನು ಕೊರತೆ. ತಗಡು ತೆಳ್ಳಗೆ, ಅರ್ಧ ಮಿಲಿಮೀಟರ್ ಇರಬಹುದು. ಹಿಂದಿನ ಬಾಗಿಲು ಒತ್ತಿದರೆ ಡಬಡಬ ಅನ್ನುತ್ತದೆ. ಫ್ಯಾನುಗಳ ವೈರು ಬೋರ್ಡಿಗೆ ಹೋಗದೆ ನೇರ ಪವರ್ ಸಪ್ಲೈಗೆ ಹೋಗುತ್ತದೆ. ಬಿಸಿ ಇರಲಿ ಇಲ್ಲದಿರಲಿ ಒಂದೇ ವೇಗ, ಒಂದೇ ಸದ್ದು. ರಾತ್ರಿ ಹೊತ್ತು ಬೇಸರ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೂರುವ ಜಾಗದ ತಗಡಿನ ಪಟ್ಟಿಗಳನ್ನು ಮುರಿದೇ ತೆಗೆಯಬೇಕು, ಮತ್ತೆ ಹಾಕೋಕೆ ಬರಲ್ಲ. ಎಲ್ಲಕ್ಕಿಂತ ಕಿರಿಕಿರಿ ತಳದ ಧೂಳು ಜಾಲರಿ. ಅದನ್ನು ಹಿಂದಿನಿಂದ ಎಳೆಯಬೇಕು. ಪ್ರತಿ ಸಲ ಡಬ್ಬವನ್ನು ಗೋಡೆಯಿಂದ ಈಚೆ ತಂದು, ವೈರು ಬಿಚ್ಚಿ, ಆಮೇಲೆ ತೊಳೆಯಬೇಕು. ಮುಂದಿನಿಂದ ಎಳೆಯುವ ಹಾಗೆ ಮಾಡಿದ್ದರೆ ಏನು ಖರ್ಚಾಗ್ತಿತ್ತೋ! ಕಷ್ಟ ಅನ್ನಿಸಿದರೆ ಯಾರೂ ತೊಳೆಯಲ್ಲ. ತಂಗಿಯೂ ಮೂರು ತಿಂಗಳು ತೊಳೆದಿರಲಿಲ್ಲ. ನಾನು ತೆಗೆದು ನೋಡಿದಾಗ ಕರಿ ಮಣ್ಣಿನ ನುಣುಪು ಧೂಳು ಬೆರಳಿನಷ್ಟು ದಪ್ಪ ಕೂತಿತ್ತು.

ನೀವೂ ಮೂರು ನಾಲ್ಕು ಸಾವಿರದೊಳಗೆ ಕ್ಯಾಬಿನೆಟ್ ಹುಡುಕುತ್ತಿದ್ದರೆ, ಅಂಗಡಿಯಲ್ಲಿ ಲೈಟು ಹಚ್ಚಿಸುವ ಮೊದಲು ಮುಂಭಾಗಕ್ಕೆ ಅಂಗೈ ಒತ್ತಿ ನೋಡಿ. ತೂತು ಸಿಗಬೇಕು, ಗಾಜಲ್ಲ. ತಲೆಕೆಳಗು ಮಾಡಿ ಕಾಲಿನ ಎತ್ತರ ನೋಡಿ. ತಳದ ಜಾಲರಿ ಯಾವ ಕಡೆಯಿಂದ ಬರುತ್ತದೆ ಅಂತ ಎಳೆದು ನೋಡಿ. ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರೊಸೆಸರ್ ಕೂಲರಿನ ಎತ್ತರ ಬರೆದುಕೊಂಡು ಹೋಗಿ, ಡಬ್ಬದ ಪೆಟ್ಟಿಗೆಯ ಮೇಲಿರುವ ಅಳತೆ ಜೊತೆ ಹೋಲಿಸಿ. ಫ್ಯಾನಿನ ವೈರು ಬೋರ್ಡಿಗೆ ಸೇರುವಂಥದ್ದು ಸಿಕ್ಕರೆ ಇನ್ನೂರು ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ಗಾಜು ಬೇಕೇ ಬೇಕು ಅನ್ನಿಸಿದರೆ ಪಕ್ಕಕ್ಕಿರಲಿ. ಅಲ್ಲಿಂದ ಗಾಳಿ ಬರಬೇಕಾಗಿಲ್ಲ. ಬೇರೆಯವರಿಗೆ ಕೊಡಿಸುತ್ತಿದ್ದೀರಾದರೆ, ಅದು ಯಾವ ಊರಿನ ಯಾವ ಕೋಣೆಯಲ್ಲಿ ಕೂರುತ್ತದೆ ಅಂತ ಅವರನ್ನೇ ಕೇಳಿ. ಪರೀಕ್ಷೆಯ ಅಂಕಿ ನೋಡುವಾಗ ಏಪ್ರಿಲ್ ತಿಂಗಳನ್ನು ಕೂಡಿಸಿ ನೋಡಿ.

ತಂಗಿ ಈಗ ಮನೆಯಲ್ಲೇ ಕೂತು ಒಂದೆರಡು ಕಡೆಗೆ ರೆಂಡರ್ ಮಾಡಿಕೊಡುತ್ತಾಳೆ. ಮೊದಲ ಸಂಪಾದನೆಯಲ್ಲಿ ಅಮ್ಮನ ಚೀಟಿಯ ಒಂದು ಕಂತು ಕಟ್ಟಿದಳು. ಕೋಳಿಮೊಟ್ಟೆ ಪೆಟ್ಟಿಗೆಯಂಥ ಆ ಡಬ್ಬ ಮೇಜಿನ ಪಕ್ಕ ಗುಂಯ್ ಅಂತ ಸದ್ದು ಮಾಡುತ್ತಾ ಕೂತಿರುತ್ತದೆ. ಅದರ ಫೋಟೊ ನಾನು ಯಾವ ಗ್ರೂಪಿಗೂ ಹಾಕಿಲ್ಲ.

ಕಿತ್ತ ಗಾಜು? ಎಸೆಯೋಕೆ ಹೊರಟಿದ್ದೆ, ಅಮ್ಮ ಬಿಡಲಿಲ್ಲ. ಈ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹೋಗಿ ನೋಡಿದರೆ, ಅದರ ಮೇಲೆ ಸಂಡಿಗೆ ಇಟ್ಟು ಬಿಸಿಲಿಗೆ ಒಣಗಿಸಿದ್ದಳು. "ಭಾಳ ಛಲೋ ಕಾಯ್ತದ ನೋಡು ಇದು" ಅಂದಳು.

ಅದರಲ್ಲಿ ಮಾತ್ರ ನನಗೆ ಅನುಮಾನವೇ ಇರಲಿಲ್ಲ.